ಕಟ್ಟೆ ಒಡೆಯಿತಂತೆ

ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ಅವ್ವನ ಪಕ್ಕ ಕೂತಿರಬೇಕು, ಆದರೆ ನೋಡಿದವರಿಗೆ ಅವ್ವನ ಪಕ್ಕ ಕೂತಂತೆ ಕಾಣಬಾರದು; ಈ ಎರಡನ್ನೂ ಒಟ್ಟಿಗೆ ಸಾಧಿಸಲು ಪುಟ್ಟರಾಜು ಮುಕ್ಕಾಲು ಗಂಟೆಯಿಂದ ಹೆಣಗುತ್ತಿದ್ದ. ಕಲ್ಲುಬೆಂಚಿನ ಮೇಲೆ ಇಬ್ಬರ ನಡುವೆ ಒಂದು ಮೊಳ ಜಾಗ ಬಿಟ್ಟು ಅಲ್ಲಿ ಅವಳ ಎಕ್ಸ್‌ರೇ ಕವರು ಇಟ್ಟಿದ್ದ. ತಾನು ಕವರಿನ ಕಡೆಯವನೋ ಮುದುಕಿಯ ಕಡೆಯವನೋ ಎಂಬುದನ್ನು ನೋಡುವವರೇ ತೀರ್ಮಾನಿಸಲಿ ಎಂದು ಬಿಟ್ಟಿದ್ದ. ದೇವಿರಮ್ಮನಿಗೆ ಎಂಬತ್ತರ ಹತ್ತಿರ. ಮಂಡಿ ತೋರಿಸಲು ಊರಿಂದ ಬಂದವಳನ್ನು ಬೆಳಿಗ್ಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ. ಸವೆದಿದೆ ಎಂದರು ಡಾಕ್ಟರು. 'ಎಂಬತ್ವರ್ಸ ನಡುದ್ರೆ ಸವೀದೆ ಬೆಳೀತದಾ?' ಎಂದು ಅವಳು ಅಲ್ಲೇ ಕೇಳಿ ನರ್ಸುಗಳನ್ನು ನಗಿಸಿದ್ದಳು. ಈಗ ಅದನ್ನೇ ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂತೆ ಯಾರೋ ಹಣ್ಣಿನವಳಿಗೆ ಹೇಳುತ್ತಿದ್ದಳು. ಅವ್ವನ ದನಿಗೆ ಸಣ್ಣದು ಎಂಬ ಅಳತೆಯೇ ಇರಲಿಲ್ಲ. ಮೂರು ಗಂಟೆಗೆ ಆಫೀಸಿಗೆ ವಾಪಸ್ಸು ಹೋಗಬೇಕಿತ್ತು. ಮಳವಳ್ಳಿ ಬಸ್ಸು ಬರುವ ಲಕ್ಷಣ ಕಾಣಲಿಲ್ಲ.

ಅವನ ಕತ್ತಿನಲ್ಲಿ ನೀಲಿ ಪಟ್ಟಿ, ಪಟ್ಟಿಯ ತುದಿಗೆ ಕಾರ್ಡು. ಕಾರ್ಡಿನಲ್ಲಿ 'ನೀರಾವರಿ ಇಲಾಖೆ' ಎಂಬುದು ದಪ್ಪ ಅಕ್ಷರ, 'ಪ್ರಥಮ ದರ್ಜೆ ಸಹಾಯಕ' ಎಂಬುದು ಸಣ್ಣ ಅಕ್ಷರ. ದಪ್ಪ ಅಕ್ಷರವನ್ನು ಜನ ದೂರದಿಂದಲೇ ಓದಿಕೊಳ್ಳುತ್ತಿದ್ದರು. ಸಣ್ಣದನ್ನು ಓದುವಷ್ಟು ಹತ್ತಿರಕ್ಕೆ ಅವನು ಯಾರನ್ನೂ ಬಿಟ್ಟುಕೊಳ್ಳುತ್ತಿರಲಿಲ್ಲ. ಮೂವತ್ತೆರಡು ವರ್ಷದ ನೀರಾವರಿ ಸೇವೆಯಲ್ಲಿ ಅವನು ನೋಡಿದ ನೀರೆಂದರೆ ಆಫೀಸಿನ ನಲ್ಲಿಯದು, ಅದೂ ದಿನ ಬಿಟ್ಟು ದಿನ ಬರುತ್ತಿತ್ತು. ಆದರೂ ಮದುವೆ ಮನೆಗೂ ಕಾರ್ಡು ಹಾಕಿಕೊಂಡೇ ಹೋಗುತ್ತಿದ್ದ. 'ಸ್ನಾನಕ್ಕೆ ಹೋಗುವಾಗಲಾದರೂ ತೆಗೀರಿ, ಇಲಾಖೆ ಒದ್ದೆಯಾಗುತ್ತೆ' ಎಂದು ಹೆಂಡತಿ ಸೌಮ್ಯ ಚುಡಾಯಿಸುತ್ತಿದ್ದಳು. ಅವಳಿಗೇನು ಗೊತ್ತು. ಕಾರ್ಡು ಇದ್ದಾಗ ಹೋಟೆಲಿನವನು 'ಸಾರ್' ಅನ್ನುತ್ತಾನೆ, ಇಲ್ಲದಿದ್ದಾಗ 'ಏನ್ ಬೇಕು' ಅನ್ನುತ್ತಾನೆ. ಈ ಎರಡರ ನಡುವಿನ ದೂರವನ್ನು ದಾಟಲು ಅವನಿಗೆ ಅರ್ಧ ಆಯುಷ್ಯ ಹಿಡಿದಿತ್ತು.

ಆಗ ಬೆಂಚಿನ ಆ ತುದಿಯಲ್ಲಿ ಕೂತಿದ್ದ ಪಂಚೆಯ ಯಜಮಾನ ಎದ್ದ. ವಿ.ಸಿ. ಫಾರಂ ಕೃಷಿ ಕೇಂದ್ರದಿಂದ ಬಿತ್ತನೆ ರಾಗಿಯ ಚೀಲ ತಂದು ಮದ್ದೂರು ಬಸ್ಸಿಗೆ ಕಾಯುತ್ತಿದ್ದವನು. ಹೆಸರು ಹೊನ್ನಯ್ಯ, ಮಗ ಪುನೀತ ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ, ಎರಡು ಎಕರೆ ಗದ್ದೆ ಇದೆ ಎಂಬುದನ್ನೆಲ್ಲ ದೇವಿರಮ್ಮ ಹತ್ತು ನಿಮಿಷದಲ್ಲಿ ಬಾಯಿ ಬಿಡಿಸಿದ್ದಳು. ತನ್ನೂರು, ತನ್ನ ಕೇರಿ, ಎಲ್ಲವನ್ನೂ ಕೇಳದೆಯೇ ಹೇಳಿದ್ದಳು. ಕೇರಿಯ ಮಾತು ಬಂದ ಕೂಡಲೇ ಅವನು ಎದ್ದದ್ದು ಪುಟ್ಟರಾಜುವಿನ ಕಣ್ಣಿಗೆ ಬಿತ್ತು, ಇವನೂ ಎದ್ದು ಹೋಗುವವನೇ ಎಂದುಕೊಂಡ. ಹೊನ್ನಯ್ಯ ಎದ್ದು ಮಾಡಿದ್ದಿಷ್ಟೇ. ಸೊಂಟದಲ್ಲಿ ಸಿಕ್ಕಿಕೊಂಡಿದ್ದ ಎಲೆಯಡಿಕೆ ಚೀಲವನ್ನು ಎಳೆದುಕೊಂಡು, ಎಕ್ಸ್‌ರೇ ಕವರನ್ನು ಸರಿಸಿ, ದೇವಿರಮ್ಮನ ಮಗ್ಗುಲಿಗೇ ಬಂದು ಕೂತು 'ಸುಣ್ಣ ಅದಾ ಕಣವ್ವ?' ಎಂದ. ಅವಳು ಡಬ್ಬಿ ಕೊಟ್ಟಳು. ಪುಟ್ಟರಾಜು ಮಾತ್ರ ಅವನು ಮತ್ತೆ ಏಳುವುದನ್ನೇ ಕಾಯುತ್ತಿದ್ದ.

ಎದ್ದು ಹೋಗುವುದು ಎಂದರೆ ಹೇಗೆಂದು ಅವನಿಗೆ ಗೊತ್ತಿತ್ತು. ಕೆಲಸದ ಆರ್ಡರು ಬಂದ ದಿನ, ಇಪ್ಪತ್ತೈದು ವರ್ಷದ ಪುಟ್ಟರಾಜು ಹೊಸ ಪ್ಯಾಂಟು ಹಾಕಿಕೊಂಡು ಊರ ಮುಂದಿನ ಅರಳಿ ಕಟ್ಟೆಯ ಮೇಲೆ ಹೋಗಿ ಕೂತಿದ್ದ. ಎಂಟು ಜನ ಕೂತಿದ್ದರು. ಯಾರೂ ಬೈಯಲಿಲ್ಲ, ಕೈ ಎತ್ತಲಿಲ್ಲ. ಒಬ್ಬನಿಗೆ ಎಮ್ಮೆ ನೆನಪಾಯಿತು. ಇನ್ನೊಬ್ಬ ಪಂಚೆ ಕೊಡವಿಕೊಂಡ. ಮತ್ತೊಬ್ಬ ಕೆಮ್ಮುತ್ತ ಎದ್ದವನು ಕೆಮ್ಮುತ್ತಲೇ ಹೋದ. ಐದು ನಿಮಿಷದಲ್ಲಿ ಅಷ್ಟು ದೊಡ್ಡ ಕಟ್ಟೆಯ ಮೇಲೆ ಅವನೊಬ್ಬನೇ. ತಕ್ಷಣ ಎದ್ದರೆ ಸೋತಂತೆ ಎಂದು ಅರ್ಧ ಗಂಟೆ ಕೂತು ಆರ್ಡರನ್ನೇ ಹನ್ನೆರಡು ಸಲ ಓದಿದ್ದ. ಕೊನೆಗೆ ಅಪ್ಪ ಮರಿಸಿದ್ದಯ್ಯ ಬಂದು, ಕಟ್ಟೆಗೆ ಹತ್ತು ಮಾರು ದೂರದಲ್ಲಿ, ಜೀವಮಾನವೆಲ್ಲ ಯಾವ ಜಾಗದಲ್ಲಿ ನಿಲ್ಲುತ್ತಿದ್ದನೋ ಅದೇ ಜಾಗದಲ್ಲಿ ನಿಂತು 'ಬಾರಪ್ಪ, ಉಣ್ಣಾಕೆ' ಎಂದಿದ್ದ. ಮಾರನೆಯ ಬೆಳಿಗ್ಗೆ ಯಾರೋ ಕಟ್ಟೆ ತೊಳೆಯುತ್ತಿದ್ದುದನ್ನು ಅವ್ವ ನೋಡಿಕೊಂಡು ಬಂದು ಹೇಳಿದಳು. ಹೊಡೆದಿದ್ದರೆ ದೂರು ಕೊಡಬಹುದಿತ್ತು. ಎದ್ದು ಹೋದರು, ನೆಲ ತೊಳೆದರು ಅಂತ ಯಾವ ಠಾಣೆಯಲ್ಲಿ ಬರೆಸುವುದು? ಅಪ್ಪ ಸತ್ತು ಹದಿನಾಲ್ಕು ವರ್ಷವಾಯಿತು, ಸಾಯುವವರೆಗೂ ಒಂದು ದಿನವೂ ಅದರ ಮೇಲೆ ಕೂರಲಿಲ್ಲ.

ಫೋನು ಬಡಿದುಕೊಂಡಾಗ ಅವನಿನ್ನೂ ಅಪ್ಪ ನಿಂತಿದ್ದ ಜಾಗದಲ್ಲೇ ಇದ್ದ. ಊರಿನಿಂದ ತಮ್ಮ ಶಿವರಾಮು. ರಸ್ತೆ ಅಗಲ ಮಾಡುವವರು ಬೆಳಿಗ್ಗೆ ಜೆಸಿಬಿ ತಂದರಂತೆ, ಮರ ಬಿಟ್ಟು ಕಟ್ಟೆಯನ್ನಷ್ಟೇ ಒಡೆದು ಟ್ರಾಕ್ಟರಿಗೆ ತುಂಬುತ್ತಿದ್ದಾರಂತೆ. ಪುಟ್ಟರಾಜು ಎದ್ದು ನಿಂತ. ಸಿಗ್ನಲ್ಲು ಸರಿಯಿರಲಿಲ್ಲ, ಕಿರುಚಬೇಕಾಯಿತು. ಕಿರುಚುವಾಗ ಮೂವತ್ತೆರಡು ವರ್ಷ ಇಸ್ತ್ರಿ ಮಾಡಿಟ್ಟ ಪೇಟೆ ಭಾಷೆ ಉದುರಿ ಊರ ಭಾಷೆ ಹೊರಗೆ ಬಂತು.

"ಏನ್ಲಾ? ಕಟ್ಟೆ ಒಡೆದೋಯ್ತಾ? ದಿಟವಾಗ್ಲೂವಾ? ಪೂರ್ತಿನಾ? ಜನ ಏನ್ಮಾಡ್ತಾವ್ರೆ? ಅಳ್ತಾವ್ರಾ, ಅಳ್ಲಿ ಬುಡು. ಇನ್ನೇನೂ ಉಳಿಯಾಕಿಲ್ಲ ಬುಡು."

ಫೋನು ಇಟ್ಟಾಗ ಹೊನ್ನಯ್ಯ ಅವನ ಮುಖ ಬಿಟ್ಟು ಕಾರ್ಡು ನೋಡುತ್ತಿದ್ದ. ದಪ್ಪ ಅಕ್ಷರ ಓದಿ ಮುಗಿಸಿ, "ಸಾರ್, ಕಟ್ಟೆ ಒಡೆದೋಯ್ತಾ?" ಎಂದ.

"ಊಂ ಕಣ್ರಿ. ಪೂರ್ತಿ," ಎಂದ ಪುಟ್ಟರಾಜು. ಹೇಳುತ್ತ ನಕ್ಕ. ನಗಬಾರದು ಅಂದುಕೊಂಡರೂ ನಗು ಬಂತು.

ಮಂಡ್ಯದಲ್ಲಿ ಹೆಸರು ಹೇಳದೆ ಕಟ್ಟೆ ಎಂದರೆ ಒಂದೇ, ಕನ್ನಂಬಾಡಿ ಕಟ್ಟೆ, ಹೊಳೆಗೆ ಕಟ್ಟಿದ ಅಣೆಕಟ್ಟು. ಅದು ತುಂಬಿದರೆ ಇಡೀ ಜಿಲ್ಲೆಯ ಹೊಟ್ಟೆ ತುಂಬುತ್ತದೆ, ಕಟ್ಟೆಯಲ್ಲಿ ಎಷ್ಟು ನೀರಿದೆ ಎಂಬುದನ್ನು ಇಲ್ಲಿಯ ಮಗುವೂ ಅಡಿಗಳಲ್ಲಿ ಹೇಳುತ್ತದೆ. ಆ ವಾರವೆಲ್ಲ ಕೊಡಗಿನಲ್ಲಿ ಮಳೆ ಸುರಿದು ಕಟ್ಟೆ ಭರ್ತಿಯಾಗಿತ್ತು, ಎಲ್ಲರ ಫೋನಿನಲ್ಲೂ ಗೇಟಿನಿಂದ ನೀರು ಧುಮುಕುವ ವೀಡಿಯೋ ಇತ್ತು. ಇಂಥ ವಾರದಲ್ಲಿ, ಇಂಥ ಊರಿನಲ್ಲಿ, ಇಂಥ ಕಾರ್ಡು ಹಾಕಿಕೊಂಡವನು ಕಟ್ಟೆ ಪೂರ್ತಿ ಒಡೆದುಹೋಯಿತು ಅನ್ನುವುದು ಎಂಥ ಮಾತು ಎಂದು ಪುಟ್ಟರಾಜುವಿಗೆ ಹೊಳೆಯಲೇ ಇಲ್ಲ. ಅವನ ತಲೆಯಲ್ಲಿ ಅರಳಿ ಮರದ ಬುಡ ಬರಿದಾಗಿ ನಿಂತಿತ್ತು. ಹೊನ್ನಯ್ಯ ರಾಗಿ ಚೀಲ ಅಲ್ಲೇ ಬಿಟ್ಟು ಫೋನು ಹಿಡಿದು ಗಡಬಡಿಸಿ ಆ ಕಡೆ ಹೋದ. ಪುಟ್ಟರಾಜು ಬಗ್ಗಿ ಅವ್ವನ ಕಿವಿಯಲ್ಲಿ ಸುದ್ದಿ ಹೇಳಿದ.

"ಯಾವ್ದ್ಲಾ, ನಮ್ಮೂರ್ದಾ?" ದೇವಿರಮ್ಮನ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು, ದನಿಯೇ ಇಲ್ಲದೆ, ಮೈಯೆಲ್ಲ ಕುಲುಕುವಂತೆ ನಕ್ಕಳು. ಕಣ್ಣಲ್ಲಿ ನೀರು ಬಂತು. "ನಿಮ್ಮಪ್ಪ ಇರ್ಬೇಕಿತ್ತು," ಎಂದಳು.

ಅವನಿಗೆ ಎಷ್ಟು ಸಂತೋಷವಾಗಿತ್ತೆಂದರೆ, "ಇರವ್ವ, ಕಾಫಿ ತತ್ತೀನಿ," ಎಂದ. ಅವ್ವ ಕಾಫಿಯನ್ನು ಸೊರ್ ಎಂದು ಎಳೆದು ಕುಡಿಯುತ್ತಾಳೆ ಎಂಬ ಒಂದೇ ಕಾರಣಕ್ಕೆ ಅವನು ಇಷ್ಟು ವರ್ಷ ನಾಲ್ಕು ಜನರ ಎದುರಿಗೆ ಅವಳಿಗೆ ಕಾಫಿ ಕೊಡಿಸಿರಲಿಲ್ಲ. ಇವತ್ತು ಎಳೆಯಲಿ, ಮೈಸೂರಿನವರೆಗೆ ಕೇಳಿಸಲಿ ಎಂದುಕೊಂಡು ಸ್ಟ್ಯಾಂಡಿನ ಆಚೆ ಬದಿಯ ಕ್ಯಾಂಟೀನಿಗೆ ನಡೆದ. ಸರದಿ ಇತ್ತು. ಎರಡು ಲೋಟ ಕೈಗೆ ಬರುವ ಹೊತ್ತಿಗೆ ಹತ್ತು ನಿಮಿಷವಾಯಿತು.

ಮೊದಲು ಕೇಳಿಸಿದ್ದು ಕಂಡಕ್ಟರನೊಬ್ಬನ ಸೀಟಿ, ಎಷ್ಟಕ್ಕೂ ನಿಲ್ಲದ ಸೀಟಿ. ಆಮೇಲೆ ಚಪ್ಪಲಿಗಳ ಸದ್ದು. ಬಸ್ಸುಗಳಿಂದ ಜನ ಇಳಿಯುತ್ತಿದ್ದರು, ಬಸ್ಸುಗಳಿಗೆ ಜನ ಹತ್ತುತ್ತಿದ್ದರು, ಹತ್ತುವವರಿಗೂ ಇಳಿಯುವವರಿಗೂ ಬಾಗಿಲಲ್ಲಿ ಜಗಳ ಹತ್ತಿತ್ತು. ಬಸ್ಸಿನ ಹಿಂದಿನ ಏಣಿಯ ಮೇಲೆ ಒಬ್ಬ ಕುಂಬಳಕಾಯಿ ತಬ್ಬಿಕೊಂಡು ಅರ್ಧಕ್ಕೆ ನಿಂತು, ಮೇಲೆ ಹತ್ತಲು ಕುಂಬಳಕಾಯಿ ಬಿಡಬೇಕಲ್ಲ ಎಂದು ಯೋಚಿಸುತ್ತಿದ್ದ. ಕಾಲೇಜು ಹುಡುಗಿಯರು ಅಳುತ್ತ ಓಡುತ್ತ ಅದನ್ನೇ ವೀಡಿಯೋ ಮಾಡುತ್ತಿದ್ದರು. ಕ್ಯಾಂಟೀನಿನವನು ಒಲೆ ಆರಿಸಿ, ಕ್ಯಾಶ್ ಡಬ್ಬ ಕಂಕುಳಲ್ಲಿ ಇಟ್ಟುಕೊಂಡು, ಮೊದಲ ಸಲ ಯಾರಿಗೂ ಚಿಲ್ಲರೆ ಇಲ್ಲ ಎನ್ನದೆ ಓಡಿದ. ಪುಟ್ಟರಾಜು ಪಕ್ಕದವನ ತೋಳು ಹಿಡಿದು ಏನಾಯ್ತು ಎಂದ.

"ಕಟ್ಟೆ ಒಡೆದೋಯ್ತಂತೆ. ನೀರಾವರಿ ಆಫೀಸರೇ ಯೋಳುದ್ರಂತೆ, ಬಸ್ ಸ್ಟ್ಯಾಂಡಲ್ಲೇ ನಿಂತ್ಕಂಡು."

ಯಾವ ಆಫೀಸರು ಎಂಬುದೇ ಪುಟ್ಟರಾಜುವಿನ ಮೊದಲ ಯೋಚನೆ. ಎರಡನೆಯದು, ನನಗೆ ಯಾಕೆ ಯಾರೂ ಹೇಳಲಿಲ್ಲ. ಮೂವತ್ತೆರಡು ವರ್ಷ ದುಡಿದವನಿಗೆ, ಕಟ್ಟೆಯೇ ಒಡೆದರೂ, ಒಂದು ಫೋನು ಮಾಡುವಷ್ಟು ಸೌಜನ್ಯ ಆಫೀಸಿನಲ್ಲಿ ಯಾರಿಗೂ ಇಲ್ಲ. ನಿನ್ನೆ ಮೊನ್ನೆ ಬಂದ ಎಂಜಿನಿಯರು ಯತೀಶನಿಗೆ ಗೊತ್ತಿರುತ್ತದೆ, ಅವನು ಈಗಾಗಲೇ ಜೀಪಿನಲ್ಲಿ ಎತ್ತರದ ಜಾಗ ಸೇರಿರುತ್ತಾನೆ. ಈ ಅವಮಾನ ಮನಸ್ಸಿನಲ್ಲಿ ಪೂರ್ತಿ ಇಳಿಯುವ ಮೊದಲೇ ಕಾಲು ಓಡತೊಡಗಿತ್ತು. ಭಾನುವಾರ ಭಾನುವಾರ ಬುದ್ಧ ವಿಹಾರದಲ್ಲಿ ಇಪ್ಪತ್ತು ಜನರನ್ನು ಕೂರಿಸಿಕೊಂಡು 'ಉಸಿರನ್ನು ಗಮನಿಸಿ, ಭಯ ಬರುತ್ತದೆ, ಹೋಗುತ್ತದೆ' ಎಂದು ಹೇಳಿಕೊಡುತ್ತಿದ್ದವನು ಅವನೇ. ಉಸಿರನ್ನು ಗಮನಿಸಲು ಅವನಿಗೆ ಪುರಸೊತ್ತಾಗಲಿಲ್ಲ. ಎದುರಿನ ಲಾಡ್ಜಿನ ಮೆಟ್ಟಿಲಲ್ಲಿ ಮುಂದಿದ್ದ ದಪ್ಪ ಹೆಂಗಸಿನ ಬೆನ್ನಿಗೆ ಮೊಣಕೈ ಕೊಟ್ಟು ದಾಟಿದ. ಹಿಂದೆ ಯಾರೋ ಬಿದ್ದ ಸದ್ದಾಯಿತು. ಅವಳೇ ಇರಲಿಕ್ಕಿಲ್ಲ ಎಂದುಕೊಂಡು ಮೂರನೆಯ ಮಹಡಿ ಹತ್ತಿದ.

ತಾರಸಿಯ ಮೇಲೆ ಇನ್ನೂರು ಜನ ಇದ್ದರು, ಎಲ್ಲರೂ ಪಡುವಣಕ್ಕೆ ಮುಖ ಮಾಡಿದ್ದರು. ಒಣಹಾಕಿದ್ದ ಲಾಡ್ಜಿನ ಬೆಡ್‌ಶೀಟುಗಳನ್ನು ಎತ್ತಿ ಎತ್ತಿ ನೀರು ಬಂತಾ ಎಂದು ನೋಡುತ್ತಿದ್ದರು. ಕಂಡದ್ದು ಬಿಸಿಲು, ತೆಂಗಿನ ಮರ, ನೀರಿನ ಟ್ಯಾಂಕುಗಳು. ಪುಟ್ಟರಾಜುವಿನ ಒಂದು ಕೈಯಲ್ಲಿ ಇನ್ನೂ ಒಂದು ಲೋಟ ಇತ್ತು, ಅದರಲ್ಲಿ ಅರ್ಧ ಕಾಫಿ ಉಳಿದಿತ್ತು. ಗಂಟಲು ಒಣಗಿತ್ತು, ಕುಡಿದುಬಿಟ್ಟ. ಯಾರೋ ಅವನ ಕಾರ್ಡು ಓದಿದರು. ಜನ ಸುತ್ತುಗಟ್ಟಿದರು. ಸಾರ್, ನೀರು ಎಷ್ಟೊತ್ತಿಗೆ ಬರಬಹುದು, ಸಾರ್, ಮೂರನೆ ಮಹಡಿ ಸಾಕಾಗುತ್ತಾ. ಇಷ್ಟು ಜನ ಒಟ್ಟಿಗೆ ತನ್ನ ಬಾಯಿ ನೋಡಿದ್ದು ಅವನ ಸೇವೆಯಲ್ಲಿ ಇದೇ ಮೊದಲು. ಗಂಭೀರವಾಗಿ ವಾಚು ನೋಡಿಕೊಂಡು, "ನಾಲ್ಕು, ನಾಲ್ಕೂಕಾಲು," ಎಂದ. ಬಸ್ಸಿನ ಸಮಯ ಹೇಳುವವನ ಹಾಗೆ. ಹೇಳಿದ ಮೇಲೆ ಯತೀಶ ಒಮ್ಮೆ ನಕ್ಷೆ ಹರಡಿ ತೋರಿಸಿದ್ದು ನೆನಪಾಯಿತು. ಹೊಳೆ ಆ ಕಡೆ, ಮಂಡ್ಯ ಈ ಕಡೆ, ನಡುವೆ ಏರು. ಏನೇ ಆದರೂ ನೀರು ಹೊಳೆಯ ದಾರಿ ಹಿಡಿದು ಹೋಗುತ್ತದೆಯೇ ಹೊರತು ಮಂಡ್ಯದ ಬಸ್ ಸ್ಟ್ಯಾಂಡು ಹುಡುಕಿಕೊಂಡು ಬರುವುದಿಲ್ಲ ಎಂದಿದ್ದ. ಇನ್ನೂರು ಜನರಲ್ಲಿ ಇದು ಗೊತ್ತಿದ್ದವನು ಅವನೊಬ್ಬನೇ. ಬಾಯಿ ಬಿಡಲು ಧೈರ್ಯವಾಗಲಿಲ್ಲ, ಆಗಲೇ ಸಮಯ ಕೊಟ್ಟಾಗಿತ್ತು.

ಪಕ್ಕದಲ್ಲಿ ಒಬ್ಬ ನಡೆದದ್ದನ್ನೆಲ್ಲ ಫೋನಿನಲ್ಲಿ ಯಾರಿಗೋ ವರದಿ ಮಾಡುತ್ತಿದ್ದ. "ಆ ಆಫೀಸರು ಅಂದ್ರಂತೆ, ಪೂರ್ತಿನಾ ಅಂದ್ರಂತೆ. ಜನ ಅಳ್ಲಿ ಬುಡು ಅಂದ್ರಂತೆ. ಇನ್ನೇನೂ ಉಳಿಯಾಕಿಲ್ಲ ಬುಡು ಅಂತ ನಗ್ತಾ ಅಂದ್ರಂತೆ. ಎಂಥ ಜನ ನೋಡು, ನಗ್ತಾ." ತನ್ನದೇ ವಾಕ್ಯ, ತನ್ನದೇ ಊರ ರಾಗ, ಇನ್ನೊಬ್ಬನ ಬಾಯಲ್ಲಿ. ಪುಟ್ಟರಾಜು ಟ್ಯಾಂಕಿಗೆ ಒರಗಿದ. ಅವನ ಬಾಯಿಂದ ಹೊರಟ ಮಾತು ಸ್ಟ್ಯಾಂಡು ಸುತ್ತಿ ವಾಪಸ್ಸು ಬಂದು ಅವನನ್ನೇ ಮೂರು ಮಹಡಿ ಹತ್ತಿಸಿತ್ತು. ಕೈ ತಾನಾಗಿ ಕಾರ್ಡನ್ನು ಅಂಗಿಯೊಳಗೆ ತುರುಕಿತು, ಗುಂಡಿ ಹಾಕಿತು. ಆಮೇಲೆ ಅವ್ವನ ನೆನಪಾಯಿತು. ಮಂಡಿ ಸವೆದ ಅವ್ವ ಕೆಳಗೆ ಬೆಂಚಿನ ಮೇಲೆ ಇದ್ದಳು. ಕುಡಿದದ್ದು ಅವಳ ಕಾಫಿ. ಮೊದಲು ಕಾರ್ಡು, ಆಮೇಲೆ ಅವ್ವ. ಈ ಕ್ರಮ ಬೇರೆ ಯಾರಿಗೂ ಕಾಣಲಿಲ್ಲ, ಅವನಿಗೆ ಕಂಡಿತು.

ಕೆಳಗಿಳಿದು ಬಂದಾಗ ಬಸ್ ಸ್ಟ್ಯಾಂಡು ಖಾಲಿಯಾಗಿತ್ತು. ಅಷ್ಟು ದೊಡ್ಡ ಜಾಗದಲ್ಲಿ ಒಂಟಿ ಚಪ್ಪಲಿಗಳು, ಉರುಳಿದ ಬಾಳೆಗೊನೆ, ಒಂದು ನಾಯಿ, ಮತ್ತು ಬೆಂಚಿನ ಮೇಲೆ ಎರಡೂ ಕಾಲು ನೀಡಿಕೊಂಡು ಎಲೆಯಡಿಕೆ ಅಗಿಯುತ್ತಿದ್ದ ದೇವಿರಮ್ಮ. ಹೊನ್ನಯ್ಯನ ರಾಗಿ ಚೀಲಕ್ಕೆ ಬೆನ್ನು ಕೊಟ್ಟು ಆರಾಮಾಗಿದ್ದಳು.

"ಕಾಫಿ ಎಲ್ಲಿ ಲಾ?"

ಅವನು ಖಾಲಿ ಲೋಟ ನೋಡಿದ.

"ಜನ ಕಟ್ಟೆ ಒಡೀತು ಅಂತ ಓಡ್ತಿದ್ರು. ಅದು ನಮ್ಮೂರ್ ಕಟ್ಟೆ ಕಣ್ರಪ್ಪ, ಕುಂತ್ಕಳಿ ಅಂತ ಬಡ್ಕಂಡೆ. ಯಾರು ಕೇಳ್ತಾರೆ?" ಅವಳು ಮಗನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಬೆವರು, ಏದುಸಿರು, ತಾರಸಿಯ ಸುಣ್ಣ ಹತ್ತಿದ ಭುಜ. "ಅವ್ರಿಗೆ ಗೊತ್ತಿರ್ನಿಲ್ಲ, ಓಡುದ್ರು. ನಿಂಗೆ ಗೊತ್ತಿತ್ತು. ನೀ ಯಾಕ್ಲಾ ಓಡ್ದೆ?"

ಪುಟ್ಟರಾಜು ಖಾಲಿ ಲೋಟವನ್ನು ಬೆಂಚಿನ ಕೆಳಗೆ ಸರಿಸಿ ಭುಜದ ಸುಣ್ಣ ಒರೆಸಿಕೊಂಡ.

ಪೊಲೀಸು ಜೀಪು ಬಂತು. ಮೈಕಿನಲ್ಲಿ 'ಕಟ್ಟೆ ಸುರಕ್ಷಿತವಾಗಿದೆ, ವದಂತಿ ನಂಬಬೇಡಿ' ಎಂದು ಕೂಗುತ್ತ ಎರಡು ಸುತ್ತು ಹಾಕಿತು. ಜನ ಒಬ್ಬೊಬ್ಬರಾಗಿ ಇಳಿದು ಬಂದು, ಒಬ್ಬರ ಮುಖ ಒಬ್ಬರು ನೋಡದೆ, ಚಪ್ಪಲಿಯ ಜೋಡಿ ಹುಡುಕತೊಡಗಿದರು. ನಾನಂತೂ ನಂಬಲೇ ಇಲ್ಲ ಎಂದು ಕುಂಬಳಕಾಯಿಯವನು ಎಲ್ಲರಿಗೂ ಹೇಳುತ್ತಿದ್ದ. ಲಾಡ್ಜಿನ ಮೆಟ್ಟಿಲ ಬುಡದಲ್ಲಿ ಹೂವಿನ ಚಲುವಮ್ಮ ಎಂಬವಳು ಊದಿದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೂತಿದ್ದಳು. ಅವಳು ದಪ್ಪಗಿದ್ದಳು. ಪುಟ್ಟರಾಜು ಅವಳ ಬೆನ್ನು ನೋಡಲು ಹೋಗಲಿಲ್ಲ. ಜೀಪಿನ ಪಕ್ಕ ಇಬ್ಬರು ಪೇದೆಗಳ ನಡುವೆ ಹೊನ್ನಯ್ಯ ನಿಂತಿದ್ದ. ಸ್ಟ್ಯಾಂಡಿನಲ್ಲಿ ಮೊದಲು ಕೂಗಿದವನು ಇವನೇ ಎಂದು ಹತ್ತು ಜನ ತೋರಿಸಿದ್ದರು. ಗೆಜ್ಜಲಗೆರೆಯ ಮಗನಿಗೂ ಇವನೇ ಫೋನು ಮಾಡಿದ್ದ, ಅಲ್ಲಿ ಒಂದು ಪಾಳಿಯ ಜನವೆಲ್ಲ ಬೈಕು ಹತ್ತಿ ಗುಡ್ಡದ ಕಡೆ ಓಡಿದ್ದರು. ಸಬ್ ಇನ್ಸ್‌ಪೆಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಎದೆಯ ಪಟ್ಟಿಯ ಮೇಲೆ ದೀಪಿಕ ಎಂದಿತ್ತು.

"ನಿಮಗೆ ಯಾರ್ರೀ ಹೇಳಿದ್ದು?"

"ನೀರಾವರಿಯೋರು ಮೇಡಂ. ನನ್ ಪಕ್ಕದಲ್ಲೇ ಕುಂತಿದ್ರು. ಕಾರ್ಡಿತ್ತು." ಹೊನ್ನಯ್ಯ ಸುತ್ತ ನೋಡಿದ. "ಅಗೋ, ಅವರೇ."

ಅವಳು ಬೆಂಚಿನ ಹತ್ತಿರ ಬಂದಳು. ಪುಟ್ಟರಾಜುವಿನ ಎದೆಯ ಮೇಲೆ ಕಾರ್ಡಿರಲಿಲ್ಲ, ಕತ್ತಿನಲ್ಲಿ ನೀಲಿ ಪಟ್ಟಿಯ ಅಂಚು ಮಾತ್ರ ಇಣುಕುತ್ತಿತ್ತು. "ನೀವು ಹೇಳಿದ್ರಾ ಸಾರ್?"

"ನಾನಾ? ಇಲ್ಲ ಮೇಡಂ," ಎಂದ ಪುಟ್ಟರಾಜು, ಇಸ್ತ್ರಿ ಮಾಡಿದ ಭಾಷೆಯಲ್ಲಿ. "ನಾನು ಫೋನಿನಲ್ಲಿ ಮನೆ ವಿಚಾರ ಮಾತಾಡುತ್ತಿದ್ದೆ. ಇವರು ಏನು ಕೇಳಿಸಿಕೊಂಡರೋ."

"ನಡೀರಿ," ಎಂದು ಪೇದೆ ಹೊನ್ನಯ್ಯನ ತೋಳು ಹಿಡಿದ. ಹೊನ್ನಯ್ಯ ಜಗಳ ಮಾಡಲಿಲ್ಲ. "ನಗ್ತಾ ಯೋಳುದ್ರಲ್ಲ ಸಾರ್, ನೀವು," ಎಂದಷ್ಟೇ ಹೇಳಿ, ತನ್ನ ಕಿವಿಯನ್ನೇ ನಂಬದವನ ಹಾಗೆ ತಲೆ ಅಲ್ಲಾಡಿಸಿದ.

ಎರಡು ಮಾತು ಹೇಳಿದರೆ ಅವನನ್ನು ಬಿಡುತ್ತಾರೆ ಎಂದು ಪುಟ್ಟರಾಜುವಿಗೆ ಗೊತ್ತಿತ್ತು. ನಾನೇ ಮೇಡಂ ಅನ್ನಬಹುದು. ಅದರ ಹಿಂದೆಯೇ ಯಾವ ಕಟ್ಟೆ ಎಂಬ ಪ್ರಶ್ನೆ ಬರುತ್ತದೆ, ಅದಕ್ಕೂ ಉತ್ತರ ಕೊಡಬಹುದು. ಅದರ ಹಿಂದೆ, ಊರ ಕಟ್ಟೆ ಒಡೆದರೆ ನಿಮಗೆ ನಗು ಯಾಕೆ ಬಂತು ಎಂಬುದು ಬರುತ್ತದೆ. ಅಲ್ಲಿ ಬಾಯಿ ಕಟ್ಟುತ್ತಿತ್ತು. 'ಪುಟ್ಟರಾಜು, ನಿಮ್ಮ ಕಡೆ ಅಂಥದ್ದೆಲ್ಲ ಈಗ ಇಲ್ಲ ಅಲ್ವಾ?' ಎಂದು ಯತೀಶ ಒಮ್ಮೆ ಕೇಳಿದಾಗ, 'ಎಲ್ಲಿ ಸಾರ್ ಈಗ' ಎಂದು ನಕ್ಕು ಫೈಲು ಎತ್ತಿಕೊಂಡಿದ್ದ. ಮಗಳು ಶೋಭಿತಾಗೂ ಹೇಳಿರಲಿಲ್ಲ. ಅರ್ಧ ಗಂಟೆ ಒಂಟಿಯಾಗಿ ಕೂತದ್ದನ್ನು ಈಗ ಬಸ್ ಸ್ಟ್ಯಾಂಡಿನಲ್ಲಿ, ಚಪ್ಪಲಿ ಹುಡುಕುವ ಜನರ ಮಧ್ಯೆ ಹೇಳಬೇಕು. ಇನ್ನೂ ಕೆಳಗೆ ಇನ್ನೊಂದು ಯೋಚನೆಯಿತ್ತು, ಅದರ ವಾಸನೆ ಅವನಿಗೇ ಹಿಡಿಸಲಿಲ್ಲ. ಕಟ್ಟೆಯ ಮೇಲೆ ಕೂರುವ ಜನರಲ್ಲೊಬ್ಬ ಒಂದು ದಿನ ಜೀಪು ಹತ್ತಿದರೆ ಏನಾಯಿತು? ಹೊನ್ನಯ್ಯನ ಮುಖದಲ್ಲಿ ಅಂದು ಎದ್ದು ಹೋದ ಎಂಟು ಜನರಲ್ಲಿ ಒಬ್ಬನನ್ನಾದರೂ ಹುಡುಕಿದ. ಸಿಕ್ಕಿದ್ದರೆ ಅನುಕೂಲವಾಗುತ್ತಿತ್ತು. ಅಲ್ಲಿ ಇದ್ದದ್ದು ಸುಣ್ಣ ಕೇಳಿ ಇಸಿದುಕೊಂಡ, ಮೂಲೆಯಲ್ಲಿ ಇನ್ನೂ ಅದೇ ಸುಣ್ಣ ಹತ್ತಿದ ಬಾಯಿ.

"ಲಾ ಪುಟ್ಟ," ಎಂದಳು ದೇವಿರಮ್ಮ. "ಆ ಯಪ್ಪ ದಿಟ ಯೋಳ್ತಾವ್ನೆ."

"ಸುಮ್ನಿರವ್ವ."

"ನೀ ಯೋಳ್ದಿದ್ರೆ ನಾ ಯೋಳ್ತೀನಿ. ನಾ ಯೋಳಾಕೆ ಸುರು ಮಾಡುದ್ರೆ ನಿಮ್ಮಪ್ಪನ್ ಮದ್ವೆಯಿಂದ ಯೋಳ್ತೀನಿ. ನಿನ್ ಮೂರ್ ಗಂಟೆ ಆಪೀಸು ಅಲ್ಲಿಗೇ ಮುಗೀತು." ಅವಳು ಎರಡೂ ಕೈ ಬೆಂಚಿಗೆ ಊರಿ, ಸವೆದ ಮಂಡಿಗಳನ್ನು ಒಂದೊಂದಾಗಿ ಕೆಳಗಿಳಿಸಿ, ನೋವಿಗೆ ತುಟಿ ಕಚ್ಚಿ ಏಳಲು ಹೊರಟಳು. ಕಟ್ಟೆ ಒಡೆಯಿತೆಂದು ಊರೆಲ್ಲ ಓಡಿದಾಗ ಏಳದಿದ್ದವಳು ಏಳುತ್ತಿದ್ದಳು.

ಪುಟ್ಟರಾಜು ಅವಳ ಹೆಗಲು ಅದುಮಿ ಕೂರಿಸಿದ. ಜೀಪಿನ ತನಕ ಇಪ್ಪತ್ತು ಹೆಜ್ಜೆ. ನಡೆಯುತ್ತ ಅಂಗಿಯೊಳಗಿಂದ ಕಾರ್ಡನ್ನು ಎಳೆದು ಹೊರಗೆ ಹಾಕಿಕೊಂಡ, ಇಲ್ಲದಿದ್ದರೆ ನಂಬುವುದಿಲ್ಲವೇನೋ ಎಂದು.

"ಮೇಡಂ, ಅವರನ್ನ ಬಿಡಿ. ಹೇಳಿದ್ದು ನಾನೇ."

ಪೇದೆ ಕಾರ್ಡು ನೋಡಿದ. "ನೀವು ಇಲಾಖೆಯೋರು, ನೀವು ಹಂಗೆಲ್ಲ ಅನ್ನಲ್ಲ ಬುಡಿ ಸಾರ್," ಎಂದು ಸಮಾಧಾನ ಮಾಡಿದ.

"ಅಂದೆ ಕಣ್ರಿ. ಕಟ್ಟೆ ಒಡೆದೋಯ್ತು ಅಂದೆ."

"ಯಾವ ಕಟ್ಟೆ?" ಎಂದಳು ಸಬ್ ಇನ್ಸ್‌ಪೆಕ್ಟರು.

"ನಮ್ಮೂರ ಅರಳಿ ಕಟ್ಟೆ."

ಯಾರೋ ಕಿಸಕ್ಕನೆ ನಕ್ಕರು. ನಗು ಚಪ್ಪಲಿ ಹುಡುಕುವವರವರೆಗೆ ಹರಡಿತು. ಅರಳಿ ಕಟ್ಟೆಯಂತೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು, ತಾವು ಓಡಿದ ಅವಮಾನವನ್ನೆಲ್ಲ ಅವನ ತಲೆಗೆ ಕಟ್ಟಿ ಹಗುರಾದರು. ಅವಳು ನಗಲಿಲ್ಲ. "ಊರ ಕಟ್ಟೆ ಒಡೆದರೆ ನೀವು ನಕ್ಕಿರಂತಲ್ಲ, ಯಾಕೆ?"

ಬಂತು, ಆ ಪ್ರಶ್ನೆಯೇ. ಪುಟ್ಟರಾಜು ಉಸಿರನ್ನು ಗಮನಿಸಿದ. ಅದು ಇರಲಿಲ್ಲ. ಬಾಯಿ ತೆರೆದಾಗ ಹೊರಗೆ ಬಂದದ್ದು ಊರ ಭಾಷೆ.

"ನಮ್ಮಪ್ಪ ಒಂದಿನಾನೂ ಅದ್ರ ಮ್ಯಾಲೆ ಕೂರ್ನಿಲ್ಲ ಮೇಡಂ. ನಾನು ಒಂದಿನ ಕುಂತೆ. ಎಲ್ಲಾರೂ ಎದ್ದೋದ್ರು. ಮಾರ್ನೆ ದಿನ ಅದನ್ನ ತೊಳುದ್ರು. ಅದಕ್ಕೇ ನಗು ಬಂತು."

ನಗು ನಿಂತಿತು. ಒಮ್ಮೆಗೇ ಅಲ್ಲ, ಹಿಂದಿನವರಿಗೆ ಮುಂದಿನವರು ಹೇಳಿ, ಹೇಳಿ, ನಿಂತಿತು. ಸಬ್ ಇನ್ಸ್‌ಪೆಕ್ಟರು ಪುಸ್ತಕ ತೆರೆದು, ಏನು ಬರೆಯುವುದೆಂದು ಗೊತ್ತಾಗದೆ ಪೆನ್ನಿನ ತುದಿ ನೋಡಿ, ಮುಚ್ಚಿದಳು. "ನೀವು ಹೋಗ್ರಿ," ಎಂದು ಹೊನ್ನಯ್ಯನಿಗೆ ಹೇಳಿ, ಪುಟ್ಟರಾಜುವಿನ ಕಡೆ ತಿರುಗಿದಳು. "ನೀವು ನಾಳೆ ಸ್ಟೇಷನ್ನಿಗೆ ಬಂದು ಇದನ್ನ ಬರೆದುಕೊಡಿ. ಆ ಹೂವಿನವರನ್ನ ಈಗ ಆಸ್ಪತ್ರೆಗೆ ಕರ್ಕೊಂಡು ಹೋಗಿ."

"ಆಗಲಿ ಮೇಡಂ," ಎಂದ. ಬರೆದುಕೊಡಬೇಕು ಎಂಬ ಮಾತು ಕಿವಿಯಲ್ಲಿ ಉಳಿಯಿತು. ಮೂವತ್ತೆರಡು ವರ್ಷ ತಡವಾಗಿ, ಅದೂ ತಪ್ಪಿತಸ್ಥನಾಗಿ, ಆ ವಿಷಯ ಠಾಣೆಯಲ್ಲಿ ಬರವಣಿಗೆಗೆ ಬರಲಿತ್ತು. ಅವನಿಗೆ ಅಳು ಬರುವ ಹಾಗಾಯಿತು, ನಗುವೂ ಬಂತು. ಚಲುವಮ್ಮನಿಗೆ ಆಟೋ ಕರೆಯಲು ಹೊರಟವನು, ಅವ್ವನಿಗೆ ಹೇಳಿಹೋಗೋಣವೆಂದು ಬೆಂಚಿನ ಕಡೆ ತಿರುಗಿದ.

ಹೊನ್ನಯ್ಯ ರಾಗಿ ಚೀಲ ತೆಗೆದುಕೊಳ್ಳಲು ಅಲ್ಲಿಗೆ ಬಂದಿದ್ದ. ಚೀಲ ಎತ್ತಿ ಹೆಗಲಿಗಿಟ್ಟುಕೊಂಡ. ಮದ್ದೂರು ಬಸ್ಸು ಬಂದು ನಿಂತಿತ್ತು, ಅವನು ಹತ್ತಲಿಲ್ಲ. ಚೀಲ ಮತ್ತೆ ಕೆಳಗಿಟ್ಟು ದೇವಿರಮ್ಮನ ಪಕ್ಕ ಕೂತ. ಪುಟ್ಟರಾಜುವಿನ ಕಡೆ ನೋಡಲಿಲ್ಲ, ಅವನ ಮೇಲಿನ ಸಿಟ್ಟು ಇನ್ನೂ ಮುಖದಲ್ಲಿತ್ತು. ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತ, ಯಾರಿಗೆಂದಿಲ್ಲದೆ ಹೇಳಿದ.

"ನಮ್ಮೂರಲ್ಲೂ ಒಂದದೆ ಕಣವ್ವ, ಕಟ್ಟೆ. ನಾವೂ ಎದ್ದೋಯ್ತೀವಿ." ಅಂಗೈಗಳನ್ನು ಪಂಚೆಗೆ ಒರೆಸಿಕೊಂಡ. "ಅದಿನ್ನೂ ಒಡುದಿಲ್ಲ."

ದೇವಿರಮ್ಮ ಬಾಯಲ್ಲಿದ್ದುದನ್ನು ಉಗಿದು, ಸೆರಗಿನಲ್ಲಿ ತುಟಿ ಒರೆಸಿಕೊಂಡಳು.

"ಒಡುದ್ ದಿನ ಒಂದು ಪೋನ್ ಮಾಡು ಕಣಪ್ಪ," ಎಂದಳು. "ಮೆಲ್ಲಗೆ ಮಾತಾಡು."